ಜೀಪು ನಿಂತ ಮನೆ

ಕ್ಷಯರೋಗದ ಸರ್ವೆ ಕೆಲಸಕ್ಕೆ ನಾನು ಸೇರಿದ ದಿನವೇ ಅಮ್ಮ ನನಗೊಂದು ಬೇರೆ ಲೋಟ ತೆಗೆದಿಟ್ಟಳು. ಬೈಯಲಿಲ್ಲ, ಬೇಡವೆನ್ನಲಿಲ್ಲ. ಸಂಜೆ ಮನೆಗೆ ಬಂದವಳು ಹಿತ್ತಲಿನಿಂದಲೇ ಬಚ್ಚಲಿಗೆ ಹೋಗಿ, ಸೀರೆ ನೆನೆಸಿ, ತಲೆಗೆ ನೀರು ಹಾಕಿಕೊಂಡ ಮೇಲೆಯೇ ಅಡುಗೆಮನೆಗೆ ಕಾಲಿಡಬೇಕು ಎಂದಳು, ಅಷ್ಟೆ.

"ಯಾರಾದ್ರೂ ಕೇಳಿದ್ರೆ ಆಸ್ಪತ್ರೇಲಿ ಕ್ಲರ್ಕು ಅನ್ನು. ಟಿಬಿ ಗಿಬಿ ಅಂತ ಬಾಯಿ ಬಿಡ್ಬೇಡ ಕಣೇ. ನಾಳೆ ನಿನ್ನನ್ನ ನೋಡೋಕೆ ಬರೋರು ಇದಾರೆ."

ರಾಜಾಜಿನಗರದಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಕಾರ್ಖಾನೆಯಿಂದ ನಿವೃತ್ತಿಯಾಗಿದ್ದರು. ನನಗೆ ಕೆಲಸ ಸಿಕ್ಕಿದ್ದು ಅವರಿಗೆ ಒಳಗೊಳಗೇ ಸಂತೋಷ. ಅಮ್ಮನ ಎದುರಿಗೆ ಮಾತ್ರ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ನೋಡಲು ಬಂದವರು ನನ್ನ ಕೆಲಸ ಏನೆಂದು ಹೇಗೋ ತಿಳಿದುಕೊಂಡು, ಉಪ್ಪಿಟ್ಟು ತಿಂದು ಹೋದವರು ತಿರುಗಿ ಸುದ್ದಿ ಕಳಿಸಲಿಲ್ಲ. ಆಗ ನನಗೆ ಅದರಿಂದ ಅಂಥಾ ಬೇಸರವೇನೂ ಆಗಲಿಲ್ಲ. ಕಾಯಿಲೆಯ ಹೆಸರೊಂದೇ ಸಾಕು, ಮನುಷ್ಯರು ಎದ್ದು ಹೋಗುತ್ತಾರೆ ಎಂಬುದನ್ನು ನಮ್ಮ ಮನೆಯ ಜಗಲಿಯ ಮೇಲೆಯೇ ನೋಡಿದ್ದೆ. ಅದು ಎಷ್ಟು ದೂರ ಹೋಗಬಲ್ಲದು ಎಂಬ ಅಂದಾಜು ಮಾತ್ರ ಇರಲಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಕೆಲಸ ಚಿಕಿತ್ಸೆ ಕೊಡುವುದಲ್ಲ, ತಿಳಿದುಕೊಳ್ಳುವುದು. ಕಾಯಿಲೆ ದಟ್ಟವಾಗಿರುವ ಬೀದಿಗಳಿಗೆ ಹೋಗಿ, ಮನೆಮನೆಯಲ್ಲೂ ಎಷ್ಟು ಜನರಿದ್ದಾರೆ, ಯಾರಿಗೆ ಸೋಂಕು ತಗುಲಿದೆ, ಯಾರಿಗೆ ರೋಗವಿದ್ದೂ ಗೊತ್ತಿಲ್ಲ ಎಂದು ಪತ್ತೆ ಮಾಡುವುದು. ಮುಂಗೈಗೆ ಒಂದು ಸಣ್ಣ ಸೂಜಿ ಚುಚ್ಚಿ, ಮೂರು ದಿನ ಬಿಟ್ಟು ಬಂದು ಅಲ್ಲಿ ಊದಿರುವುದನ್ನು ಅಳೆಯುತ್ತಿದ್ದೆವು. ದೊಡ್ಡವರಿಗೆ ವ್ಯಾನಿನಲ್ಲಿ ಎಕ್ಸ್‌ರೇ. ಎದೆಯಲ್ಲಿ ನೆರಳು ಕಂಡರೆ ಕಫದ ಪರೀಕ್ಷೆ. ರೋಗ ಇದೆಯೆಂದು ಖಚಿತವಾದವರನ್ನು ಹತ್ತಿರದ ದವಾಖಾನೆಗೆ ಸೇರಿಸಿ, ಅವರು ಮಾತ್ರೆ ಮುಗಿಸುವವರೆಗೆ ವಿಚಾರಿಸಿಕೊಳ್ಳಬೇಕು. ನಮ್ಮ ಡಾಕ್ಟರು ಐವತ್ತು ದಾಟಿದ, ಮೆಲುದನಿಯ ಮನುಷ್ಯ. "ಎಷ್ಟು ಜನಕ್ಕಿದೆ ಅಂತ ಗೊತ್ತಾದ್ರೆ ತಾನೇ ಎಷ್ಟು ಔಷಧಿ ಬೇಕು ಅಂತ ಸರ್ಕಾರಾನ ಕೇಳೋದು" ಎನ್ನುತ್ತಿದ್ದರು. ಆ ಮಾತಿನಲ್ಲಿ ನನಗೆ ನಂಬಿಕೆಯಿತ್ತು. ಈಗಲೂ ಇದೆ.

ಬಾಪೂಜಿ ನಗರದ ಹಿಂದಿನ ಒಂದು ಬೀದಿ ನಮ್ಮ ಪಾಲಿಗೆ ಬಂತು. ಎರಡೂ ಕಡೆ ಒಂದಕ್ಕೊಂದು ಒರಗಿಕೊಂಡ ಶೀಟಿನ ಮನೆಗಳು. ಪ್ರತಿ ಬಾಗಿಲಲ್ಲೂ ಒಬ್ಬ ಹೆಂಗಸು ಮಣೆ ಮುಂದಿಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದಳು. ಇದ್ದಿಲು ಪುಡಿಯಿಂದ ಎಲ್ಲರ ಕೈಗಳೂ ಮೊಣಕೈವರೆಗೆ ಕಪ್ಪು. ಒಣಗಲಿಟ್ಟ ಬತ್ತಿಗಳ ಮಧ್ಯೆ ಕಾಲಿಡಲು ಜಾಗ ಹುಡುಕಬೇಕಾಗಿತ್ತು. ಬೀದಿಯ ತುಂಬ ಕೆಮ್ಮು. ಕೆಮ್ಮು ಎಷ್ಟು ದಿನದಿಂದ ಎಂದು ಕೇಳಿದರೆ ನಗುತ್ತಿದ್ದರು. "ಪುಡಿ ಕುಡಿದ್ರೆ ಕೆಮ್ಮು ಬರ್ದೆ ಇರುತ್ತಾ ಸಿಸ್ಟರ್?"

ಮೊದಲ ದಿನ ಬೆಳಿಗ್ಗೆ ಯಾರೂ ಕೈ ಚಾಚಲಿಲ್ಲ. ಸೂಜಿ ಎಂದ ಕೂಡಲೇ ಗಂಡಸರು ಮಾಯ, ಹೆಂಗಸರು ಬಾಗಿಲು ಹಾಕಿಕೊಂಡರು. ಮಕ್ಕಳಾಗದಂತೆ ಮಾಡಲು ಬಂದಿದ್ದಾರೆ ಎಂಬ ಸುದ್ದಿ ನಮಗಿಂತ ಮೊದಲೇ ಬೀದಿ ತಲುಪಿತ್ತು. ಹತ್ತು ವರ್ಷಗಳ ಹಿಂದೆ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಗಂಡಸರನ್ನು ಲಾರಿಗೆ ತುಂಬಿಕೊಂಡು ಹೋಗಿ ಆಪರೇಷನ್ ಮಾಡಿಸಿದ್ದನ್ನು ಯಾರೂ ಮರೆತಿರಲಿಲ್ಲ. ಅವರನ್ನು ದೂರುವ ಹಾಗಿರಲಿಲ್ಲ.

ಬೀದಿಯ ನಡುಮಧ್ಯದ ಮನೆಯಲ್ಲಿ ಒಬ್ಬ ತಾಯಿ ಇದ್ದರು. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು. ಬೀದಿಯ ಜಗಳಗಳನ್ನೆಲ್ಲ ಬಿಡಿಸುತ್ತಿದ್ದವರು ಆಕೆಯೇ, ಹೆರಿಗೆಯೆಂದರೆ ಎಲ್ಲರೂ ಮೊದಲು ಕರೆಯುತ್ತಿದ್ದದ್ದೂ ಆಕೆಯನ್ನೇ. ನಾವು ಸಪ್ಪೆ ಮುಖ ಹಾಕಿಕೊಂಡು ವ್ಯಾನಿನ ನೆರಳಲ್ಲಿ ನಿಂತಿದ್ದನ್ನು ನೋಡಿ ಎದ್ದು ಬಂದರು. ಸೆರಗಿಗೆ ಕೈ ಒರೆಸಿಕೊಂಡು ಡಾಕ್ಟರ ಮುಂದೆ ನಿಂತು ಕೇಳಿದರು.

"ಇದ್ರಿಂದ ಏನಾಗುತ್ತೆ, ನಿಜ ಹೇಳಿ ಸಾರ್."

ಡಾಕ್ಟರು ಹೇಳಿದರು. ಆಕೆ ಗಮನವಿಟ್ಟು ಕೇಳಿಸಿಕೊಂಡರು. ಆಮೇಲೆ ಬೀದಿಗೆಲ್ಲ ಕೇಳುವಂತೆ, "ನನಗೇನೂ ಇನ್ನು ಮಕ್ಕಳಾಗ್ಬೇಕಾಗಿಲ್ಲ, ಮೊದ್ಲು ನನಗೇ ಚುಚ್ಚಿ!" ಎಂದು ಕೂಗಿ ಕೈ ಚಾಚಿದರು. ಅಕ್ಕಪಕ್ಕದವರು ಬಾಗಿಲ ಸಂದಿಯಿಂದ ನಕ್ಕರು. ಕಪ್ಪು ಪುಡಿ ತೊಳೆದು ಚರ್ಮ ಕಾಣುವ ಹಾಗೆ ಮಾಡಲಿಕ್ಕೇ ನನಗೆ ಸಾಕುಬೇಕಾಯಿತು. ಆಕೆಯ ನಂತರ ಮಗಳು ಬಂದಳು, ಅವಳ ಹಿಂದೆ ಪಕ್ಕದ ಮನೆಯವರು, ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ. ಮೂರು ದಿನದ ಮೇಲೆ ಹೋದಾಗ ಆಕೆಯೇ ಮನೆಮನೆಗೂ ಹೋಗಿ ಜನರನ್ನು ಹೊರಡಿಸಿ ಎಕ್ಸ್‌ರೇ ವ್ಯಾನಿನ ಮುಂದೆ ಸಾಲು ನಿಲ್ಲಿಸಿದ್ದರು. ನಮಗೆಲ್ಲ ಕಾಫಿ ಬಂತು. ನನಗೆ ಕೊಟ್ಟದ್ದು ಅವರ ಮನೆಯವರು ಕುಡಿಯುವ ಲೋಟದಲ್ಲೇ.

ಮಗಳಿಗೆ ಹತ್ತೊಂಬತ್ತು, ಇಪ್ಪತ್ತು ಇರಬಹುದು. ತೆಳ್ಳಗೆ, ಮಾತು ಜಾಸ್ತಿ. ಬತ್ತಿ ಹೊಸೆಯುತ್ತಲೇ ನನ್ನ ಸೀರೆ ಎಲ್ಲಿ ಕೊಂಡದ್ದು, ಜಡೆಗೆ ಏನು ಎಣ್ಣೆ, ರಾಜಾಜಿನಗರದಲ್ಲಿ ಯಾವ ಟಾಕೀಸು ಹತ್ತಿರ ಎಂದು ಒಂದೇ ಸಮನೆ ಕೇಳುತ್ತಿದ್ದಳು. ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಕೆಂಗೇರಿಯವನು, ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ. ನಿಶ್ಚಿತಾರ್ಥಕ್ಕೆ ಅವನು ತಂದ ಬಳೆಗಳು ಒಂದು ಸೈಜು ಚಿಕ್ಕವಾಗಿದ್ದು, ಸೋಪು ಹಚ್ಚಿ ತೊಡಿಸಬೇಕಾಗಿ ಬಂದದ್ದನ್ನು ಹೇಳಿಕೊಂಡು ನಕ್ಕೂ ನಕ್ಕೂ ಕೆಮ್ಮಿದಳು. ಆ ಕೆಮ್ಮನ್ನು ನಾನೂ ಪುಡಿಯ ಕೆಮ್ಮೆಂದೇ ತಿಳಿದೆ.

ಅವಳ ಎಕ್ಸ್‌ರೇಯಲ್ಲಿ ಬಲಗಡೆ ಮೇಲೆ ನೆರಳಿತ್ತು. ಕಫದಲ್ಲಿ ರೋಗಾಣು ಸಿಕ್ಕಿತು.

ಇಂಥ ಸುದ್ದಿಯನ್ನು ಚೀಟಿಯಲ್ಲಿ ಬರೆದು ಕಳಿಸಬಾರದು, ತಾವೇ ಹೋಗಿ ಕೂತು ಹೇಳಬೇಕು ಎಂದು ಡಾಕ್ಟರು ಹೊರಟರು. ಅದು ಅವರ ಒಳ್ಳೆಯತನ. ನಾನೂ ಜೊತೆಗಿದ್ದೆ. ಜೀಪು ಬೀದಿಯೊಳಗೆ ಬಂದು ಬೇರೆ ಯಾವ ಮನೆಯ ಮುಂದೆಯೂ ನಿಲ್ಲದೆ ಆ ಮನೆಯ ಮುಂದೆ ನಿಂತಿತು. ಜೀಪಿನ ಎರಡೂ ಪಕ್ಕ ಕ್ಷಯರೋಗ ಎಂದು ದೊಡ್ಡದಾಗಿ ಬರೆದಿತ್ತು. ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು, ದನಿ ತಗ್ಗಿಸಿ, ಎಲ್ಲವನ್ನೂ ಸಮಾಧಾನವಾಗಿ ಹೇಳಿದೆವು. ಇದು ವಾಸಿಯಾಗುವ ಕಾಯಿಲೆ, ಎರಡು ತಿಂಗಳು ಸೂಜಿ, ಒಂದು ವರ್ಷಕ್ಕೂ ಮೇಲೆ ಮಾತ್ರೆ, ನಡುವೆ ಒಂದು ದಿನವೂ ಬಿಡಬಾರದು, ಯಾರಿಗೂ ನಾವು ಹೇಳುವುದಿಲ್ಲ. ತಾಯಿ ಡಾಕ್ಟರ ಕಾಲು ಹಿಡಿಯಲು ಬಂದರು, ಅವರು ಹಿಂದೆ ಸರಿದರು. ಹೊರಗೆ ಬಂದಾಗ ಎದುರು ಸಾಲಿನ ಹೆಂಗಸರು ಹೊಸೆಯುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು. ಯಾರಿಗೂ ಹೇಳುವುದಿಲ್ಲ ಎಂದು ನಾವು ಒಳಗೆ ಮಾತು ಕೊಡುತ್ತಿದ್ದಾಗ, ಹೊರಗೆ ಜೀಪು ಎಲ್ಲರಿಗೂ ಹೇಳಿಬಿಟ್ಟಿತ್ತು.

ಸಂಜೆ ನಲ್ಲಿಯ ಹತ್ತಿರ ಆ ಮನೆಯ ಬಿಂದಿಗೆಯನ್ನು ಯಾರೋ ಸಾಲಿನಿಂದ ತೆಗೆದು ಬದಿಗಿಟ್ಟರಂತೆ. ಬತ್ತಿಗೆ ಪುಡಿ, ಕಡ್ಡಿ ಕೊಡುತ್ತಿದ್ದ ಮೇಸ್ತ್ರಿ ಮಾರನೆಯ ವಾರ ಅವರ ಬಾಗಿಲಿಗೆ ಬರಲಿಲ್ಲ. ಕೇಳಿದ್ದಕ್ಕೆ, "ದೇವರ ಮುಂದೆ ಹಚ್ಚೋ ಬತ್ತಿ ಅಮ್ಮಾ, ನೀವೇ ಯೋಚ್ನೆ ಮಾಡಿ" ಎಂದನಂತೆ. ಇಡೀ ಬೀದಿಯನ್ನು ವ್ಯಾನಿನ ಮುಂದೆ ನಿಲ್ಲಿಸಿದ್ದ ತಾಯಿ ಈಗ ಗಾರೆ ಕೆಲಸಕ್ಕೆ ಹೋಗತೊಡಗಿದರು. ಕೆಂಗೇರಿಯಿಂದ ಜಾತಕ ಸರಿಯಾಗಿ ಕೂಡಲಿಲ್ಲವೆಂದು ಹೇಳಿಕಳಿಸಿದರು.

ಈ ವಿಷಯವನ್ನು ನನಗೆ ಹೇಳುವಾಗಲೂ ಆ ತಾಯಿ ನಮ್ಮನ್ನು ಬೈಯಲಿಲ್ಲ. "ನಿಮ್ದೇನು ತಪ್ಪು ತಾಯಿ, ಕಾಯ್ಲೆ ಬಂದಿದ್ದು ನಮ್ಮ ಹಣೆಬರಹ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ನಾನು ಡಾಕ್ಟರಿಗೆ ಹೇಳಿದೆ. ಅಂದಿನಿಂದ ಜೀಪನ್ನು ಮೈಸೂರು ರಸ್ತೆಯಲ್ಲೇ ಬಿಟ್ಟು ನಡೆದು ಹೋಗುವುದೆಂದಾಯಿತು. ಆ ಮನೆಗೆ ಅದರಿಂದ ಏನೂ ಉಪಯೋಗವಾಗಲಿಲ್ಲ.

ಹುಡುಗಿ ಮಾತ್ರ ದಿನವೂ ದವಾಖಾನೆಗೆ ಬಂದಳು. ಸೂಜಿಯ ನೋವಿಗೆ ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಳು. ಮಾತ್ರೆಯಿಂದ ವಾಂತಿ ಬರುತ್ತಿತ್ತು. ಆದರೂ ಬಿಡಲಿಲ್ಲ. ಸಿಸ್ಟರ್ ಎನ್ನುತ್ತಿದ್ದವಳು ಅಕ್ಕ ಎನ್ನತೊಡಗಿದಳು.

ಒಂದು ದಿನ ದವಾಖಾನೆಯ ಮುಂದೆ ಒಬ್ಬ ಹುಡುಗ ಸೈಕಲ್ ಹಿಡಿದು ನಿಂತಿದ್ದ. ವೆಲ್ಡಿಂಗ್ ಕಿಡಿ ಬಿದ್ದು ಶರ್ಟಿನ ತೋಳಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಕೆಂಗೇರಿಯವನು ಎಂದು ನೋಡಿದ ಕೂಡಲೇ ಗೊತ್ತಾಯಿತು. ಒಳಗೆ ಬರಲು ಸಂಕೋಚ. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಸಾರ್, ಅವ್ಳು ವಾಸಿ ಆಗ್ತಾಳಾ?"

"ಮಾತ್ರೆ ಪೂರ್ತಿ ತಗೊಂಡ್ರೆ ಖಂಡಿತ ಆಗ್ತಾಳೆ."

"ಆಮೇಲೆ ಮದ್ವೆ, ಮಕ್ಕಳು, ಅದಕ್ಕೆಲ್ಲ ತೊಂದ್ರೆ ಇಲ್ವಾ?"

"ಇಲ್ಲಪ್ಪಾ. ಒಂದು ಒಂದೂವರೆ ವರ್ಷ ಹೋಗ್ಲಿ."

ಅವನು ಸ್ವಲ್ಪ ಯೋಚಿಸಿ, "ಅಷ್ಟೇ ತಾನೇ ಸಾರ್, ಕಾಯ್ತೀನಿ. ನಮ್ಮನೇಲಿ ನಾನು ಒಪ್ಪಿಸ್ತೀನಿ" ಎಂದ. ಹೊರಡುವಾಗ ನನ್ನ ಕಡೆ ತಿರುಗಿ, "ಸಿಸ್ಟರ್, ಅವ್ಳಿಗೆ ಹೇಳಿ" ಎಂದು ಸೈಕಲ್ ಏರಿದ.

ನಾನು ಹೇಳಿದೆ. ಹುಡುಗಿ ಮುಖ ಆಚೆ ತಿರುಗಿಸಿಕೊಂಡು ನಕ್ಕಳು. ತಾಯಿ ನಗಲಿಲ್ಲ. "ಗಂಡುಹುಡುಗರ ಮಾತು ಅದು. ಅವ್ನ ತಾಯಿ ಒಪ್ಪಬೇಕಲ್ಲ? ಒಂದೂವರೆ ವರ್ಷದಲ್ಲಿ ಅವ್ರು ಎಲ್ಲೆಲ್ಲಿ ಹೆಣ್ಣು ನೋಡ್ತಾರೋ" ಎಂದರು. ಅದೂ ಸುಳ್ಳಲ್ಲ ಅನ್ನಿಸಿತು.

ಕೆಲವು ತಿಂಗಳಲ್ಲಿ ಹುಡುಗಿಯ ಕೆಮ್ಮು ಹೋಯಿತು. ಕೆನ್ನೆ ತುಂಬಿತು. ಕಫದಲ್ಲೂ ಏನೂ ಕಾಣಲಿಲ್ಲ. ಈ ಕಾಯಿಲೆಯ ಮೋಸವೇ ಅದು. ವಾಸಿಯಾಗುವುದಕ್ಕೆ ಬಹಳ ಮೊದಲೇ ವಾಸಿಯಾದ ಹಾಗೆ ಕಾಣಿಸುತ್ತದೆ. ನಾನು ಪ್ರತಿ ಸಲ ಎಚ್ಚರಿಸುತ್ತಿದ್ದೆ, ಅವಳು ತಲೆ ಆಡಿಸುತ್ತಿದ್ದಳು. ಸೂಜಿ ಮುಗಿದ ಮೇಲೆ ತಿಂಗಳಿಗೊಮ್ಮೆ ಬಂದು ಮಾತ್ರೆ ಒಯ್ಯುತ್ತಿದ್ದವಳು ಒಂದು ತಿಂಗಳು ಬರಲಿಲ್ಲ. ನಾನು ನಡೆದುಕೊಂಡು ಅವರ ಮನೆಗೆ ಹೋದೆ. ತಾಯಿ ಒಬ್ಬರೇ ಇದ್ದರು.

"ಮಾಗಡಿ ಕಡೆ ನಮ್ಮ ತಂಗಿ ಮನೇಗೆ ಹೋಗಿದಾಳೆ. ಗಾಳಿ ಬದ್ಲಾವಣೆ ಆಗ್ಲಿ ಅಂತ. ಮಾತ್ರೆ ತಗೊಂಡೇ ಹೋಗಿದಾಳೆ, ನೀವು ಯೋಚ್ನೆ ಮಾಡ್ಬೇಡಿ."

ನನ್ನ ಮುಖ ನೋಡದೆ ಹೇಳಿದರು. ಮುಂದಿನ ತಿಂಗಳೂ ಅದೇ ಮಾತು. ನಿಜ ಗೊತ್ತಾದದ್ದು ಕೆಂಗೇರಿಯ ಹುಡುಗನಿಂದ. ಮತ್ತೆ ಸೈಕಲ್ ಹಿಡಿದು ಅದೇ ಜಾಗದಲ್ಲಿ ನಿಂತಿದ್ದ.

"ಅವ್ಳಿಗೆ ಮದ್ವೆ ಮಾಡ್ಬಿಟ್ರು ಸಿಸ್ಟರ್. ಬ್ಯಾಡರಹಳ್ಳಿ ಕಡೆ. ಹೊಲ ಇರೋ ಮನೆ ಅಂತೆ." ಹ್ಯಾಂಡಲನ್ನು ಸುಮ್ಮನೆ ಆ ಕಡೆ ಈ ಕಡೆ ತಿರುಗಿಸಿದ. "ನಮ್ಮಮ್ಮನ್ನ ಅರ್ಧ ಒಪ್ಸಿದ್ದೆ. ಕಾಯ್ತೀನಿ ಅಂದಿದ್ನಲ್ಲ. ಅವ್ರಿಗೆ ನಂಬಿಕೆ ಬರ್ಲಿಲ್ಲ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಾಲಿನಲ್ಲಿ ಬಹಳ ಹೊತ್ತು ನಿಂತು, ತನ್ನ ಸರದಿ ಬರುವಾಗ ಬಾಗಿಲು ಮುಚ್ಚಿಸಿಕೊಂಡವನ ಹಾಗೆ ನಿಂತಿದ್ದ. ಆಮೇಲೆ ಅವನನ್ನು ನಾನು ನೋಡಲಿಲ್ಲ. ಮದುವೆಯಾದನೆಂದು ಮಾತ್ರ ಕೇಳಿದೆ.

ನಾನು ತಾಯಿಯ ಮನೆಗೆ ಹೋದೆ. ಈ ಸಲ ಆಕೆ ಏನೂ ಮುಚ್ಚಿಡಲಿಲ್ಲ.

"ಹೌದು, ಮಾಡಿದೆ. ಏನ್ ಮಾಡ್ಲಿ? ಈ ಬೀದೀಲಿ ಇಟ್ಕೊಂಡ್ರೆ ಯಾರು ಮಾಡ್ಕೋತಾರೆ ಅವಳನ್ನ? ಅವ್ರು ದೂರದವ್ರು, ಗೊತ್ತಿಲ್ಲ. ಚೆನ್ನಾಗಾಗಿದಾಳೆ, ನೀವೇ ನೋಡಿದೀರ."

"ಮಾತ್ರೆ ಅಮ್ಮಾ? ನಿಲ್ಸಿದ್ರೆ ತಿರುಗಿ ಬರುತ್ತೆ. ಆಗ ಇದೇ ಮಾತ್ರೆ ಕೆಲಸ ಮಾಡೋದಿಲ್ಲ."

"ಮಾತ್ರೆ ಡಬ್ಬಿ ಕೈಲಿ ಹಿಡ್ಕೊಂಡು ಯಾವ ಹೆಣ್ಣು ಗಂಡನ ಮನೆ ಹೊಸ್ತಿಲು ದಾಟ್ತಾಳೆ, ನೀವೇ ಹೇಳಿ." ಆಕೆ ಇದ್ದಕ್ಕಿದ್ದ ಹಾಗೆ ನನ್ನ ಎರಡೂ ಕೈ ಹಿಡಿದುಕೊಂಡರು. ಗಾರೆ ಕೆಲಸದಿಂದ ಅಂಗೈ ಬಿರಿದಿತ್ತು. "ನಿಮ್ಮ ದಮ್ಮಯ್ಯ ಅಂತೀನಿ, ಅಲ್ಲಿಗೆ ಹೋಗ್ಬೇಡಿ. ನಿಮ್ಮ ಜೀಪು ಅಲ್ಲೂ ಬಂದು ನಿಂತ್ರೆ ನನ್ನ ಮಗಳು ಬಾವಿ ನೋಡ್ಕೋತಾಳೆ."

ಡಾಕ್ಟರೂ ನಾನೂ ಆ ವಿಷಯ ಬಹಳ ಮಾತಾಡಿದೆವು. ಹೋದರೆ ಮದುವೆ ಮುರಿಯುತ್ತದೆ, ಹೋಗದಿದ್ದರೆ ಕಾಯಿಲೆ ಮರಳುತ್ತದೆ. ಕೊನೆಗೆ ತಾಯಿಯ ಕೈಯಲ್ಲೇ ಮಾತ್ರೆ ಕಳಿಸಲು ನೋಡಿದೆವು. ಹಬ್ಬಕ್ಕೆ ಹೋದಾಗ ತೊಗರಿಬೇಳೆಯ ಡಬ್ಬಿಯಲ್ಲಿ ಹುದುಗಿಸಿ ಕೊಟ್ಟು ಬಂದರಂತೆ. ತುಂಬಿದ ಮನೆ, ಒಂದು ಗಳಿಗೆಯೂ ಒಬ್ಬಳೇ ಇರುವಂತಿಲ್ಲ. ಅತ್ತೆ ಡಬ್ಬಿ ತೆಗೆಯುವ ಮೊದಲು ಹುಡುಗಿ ಅವನ್ನು ಗೊಬ್ಬರದ ಗುಂಡಿಗೆ ಹಾಕಿದಳು. ನಮ್ಮ ಸರ್ವೆಯ ಭಾಷೆಯಲ್ಲಿ ಇಂಥವರನ್ನು ಕೈತಪ್ಪಿ ಹೋದವರು ಎನ್ನುತ್ತಿದ್ದೆವು. ಅವಳು ಎಲ್ಲಿದ್ದಾಳೆ, ಯಾವ ಬಸ್ಸು ಹತ್ತಿ ಹೋದರೆ ಸಿಗುತ್ತಾಳೆ ಎಂದು ನಮಗೆ ಸರಿಯಾಗಿಯೇ ಗೊತ್ತಿತ್ತು.

ದಶಕದ ಕೊನೆಯ ಹೊತ್ತಿಗೆ ಹೊಸ ಕಾಯಿಲೆಯೊಂದರ ಮಾತು ಶುರುವಾಯಿತು. ಪೇಪರಿನಲ್ಲಿ ಏಡ್ಸ್ ಎಂಬ ಹೆಸರು ಬರತೊಡಗಿದಾಗ ಜನ ಅದನ್ನು ದೂರದ ದೇಶದ್ದು, ಕೆಟ್ಟ ನಡತೆಯವರದ್ದು ಎಂದುಕೊಂಡರು. ನಮ್ಮ ಡಾಕ್ಟರಿಗೆ ಬೇರೆ ಭಯ. "ಆ ವೈರಸ್ಸು ಮೈಯ ಕಾವಲು ತೆಗೆದುಬಿಡುತ್ತೆ. ನಮ್ಮಲ್ಲಿ ಕಾವಲು ತೆಗೀತು ಅಂದ್ರೆ ಮೊದ್ಲು ಒಳಗೆ ನುಗ್ಗೋದೇ ಟಿಬಿ. ಎರಡೂ ಒಟ್ಟಿಗೆ ಬಂದಿದ್ಯಾ ಅಂತ ಈಗ್ಲೇ ನೋಡ್ಬೇಕು" ಎನ್ನುತ್ತಿದ್ದರು. ಹಾಗೆ ಊರಾಚೆಯ ಒಂದು ಟಿಬಿ ಆಸ್ಪತ್ರೆಯಲ್ಲಿ, ಒಳರೋಗಿಗಳು ಒಪ್ಪಿದರೆ ಅವರ ರಕ್ತ ತೆಗೆದು ಪರೀಕ್ಷೆಗೆ ಕಳಿಸುವ ಕೆಲಸ ಶುರುವಾಯಿತು. ನನ್ನನ್ನು ಹೆಂಗಸರ ವಾರ್ಡಿಗೆ ಹಾಕಿದರು.

ಅಲ್ಲಿ, ಕಿಟಕಿಯ ಪಕ್ಕದ ಮಂಚದಲ್ಲಿ ಅವಳಿದ್ದಳು.

ಮೊದಲು ಗುರುತು ಹಿಡಿದದ್ದು ಅವಳೇ. "ಅಕ್ಕಾ" ಎಂದಳು. ದನಿ ಒಡೆದಿತ್ತು. ಹೆರಿಗೆಯಾದ ಮೇಲೆ ಕಾಯಿಲೆ ಮರಳಿತ್ತು. ಬಾಣಂತಿ ಕೆಮ್ಮೆಂದು ಮನೆಯವರು ಕಷಾಯ ಕುಡಿಸಿದ್ದರು. ಬಾಯಲ್ಲಿ ರಕ್ತ ಬಂದಾಗ ಗಂಡ ಹೆದರಿ ಕರೆತಂದು ಸೇರಿಸಿದ್ದ. ಹೆಣ್ಣುಮಗು, ಅತ್ತೆಯ ಹತ್ತಿರ ಇತ್ತು. ಪಕ್ಕದಲ್ಲೇ ತಾಯಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತು ಮತ್ತೆ ಕೂತರು. ನಾನೂ ಕೂತೆ.

"ನನ್ನ ಕೈಯ್ಯಾರೆ ಮಾಡ್ದೆ" ಎಂದರು ಆ ತಾಯಿ.

"ಬಿಡಮ್ಮಾ" ಎಂದಳು ಮಗಳು. "ನಾನೂ ಒಪ್ಪಿದ್ನಲ್ಲ. ಆ ಬೀದಿಯಿಂದ ಹೋದ್ರೆ ಸಾಕಾಗಿತ್ತು ನನಗೆ."

ರಕ್ತದ ವಿಷಯ ಅವಳಿಗೂ ಬಿಡಿಸಿ ಹೇಳಿದೆ. ಯಾಕೆ ತೆಗೆಯುವುದು, ಯಾವ ಕಾಯಿಲೆಗೆ, ಬೇಡವೆಂದರೆ ತೆಗೆಯುವುದಿಲ್ಲ, ಬೇಡ ಎಂದರೂ ಚಿಕಿತ್ಸೆ ನಿಲ್ಲುವುದಿಲ್ಲ. ಅವಳು ಎಲ್ಲವನ್ನೂ ಕೇಳಿ ತೋಳು ಚಾಚಿದಳು. "ತಗೊಳ್ಳಿ ಅಕ್ಕ. ಇನ್ಯಾರಿಗಾದ್ರೂ ಉಪಯೋಗ ಆಗುತ್ತೇನೋ. ಆದ್ರೆ ರಿಸಲ್ಟ್ ಹೇಳೋಕೆ ಮಾತ್ರ ಮನೇಗೆ ಬರ್ಬೇಡಿ" ಎಂದು ಸಣ್ಣಗೆ ನಕ್ಕಳು.

ನಾವು ಮನೆಗೆ ಹೋಗಲಿಲ್ಲ. ಆದರೆ ಸುದ್ದಿ ಹೋಯಿತು. ಅದೇ ವಾರ್ಡಿಗೆ ಯಾರನ್ನೋ ನೋಡಲು ಬಂದಿದ್ದ ಬ್ಯಾಡರಹಳ್ಳಿಯ ಹೆಂಗಸೊಬ್ಬಳು, ಅವಳ ತೋಳಿನ ಹತ್ತಿ ನೋಡಿ, ಪಕ್ಕದ ಮಂಚದವರನ್ನು ವಿಚಾರಿಸಿದಳಂತೆ. ಆ ಕಾಯಿಲೆಗೆ ರಕ್ತ ತೆಗೆದಿದ್ದಾರೆ ಎಂದು ಊರಿಗೆ ತಿಳಿಸಿದಳು. ಊರು ತಲುಪುವಷ್ಟರಲ್ಲಿ ಅದು ಆ ಕಾಯಿಲೆ ಇದೆ ಎಂದಾಗಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಗಂಡ ಬರುವುದು ನಿಂತಿತು. ಮಗುವನ್ನು ತೋರಿಸಲು ತರುತ್ತೇವೆ ಎಂದಿದ್ದವರು ತರಲಿಲ್ಲ.

ಅವಳಿಗೆ ಆ ಸೋಂಕು ಇರಲಿಲ್ಲ. ಡಾಕ್ಟರು ರಿಸಲ್ಟನ್ನು ಮೊದಲು ಅವಳಿಗೇ ಹೇಳಿ, ನಿಮ್ಮ ಮನೆಯವರಿಗೆ ಹೇಳಲೇ ಎಂದು ಕೇಳಿದರು. "ಹೇಳಿ ಸಾರ್, ಮಗು ಕೊಡ್ತಾರೇನೋ" ಎಂದಳು. ಡಾಕ್ಟರೂ ನಾನೂ ಬಸ್ಸಿನಲ್ಲಿ ಹೋಗಿ, ಮಾಗಡಿ ರಸ್ತೆಯಲ್ಲಿ ಇಳಿದು, ಊರಿನವರು ಯಾರೂ ಗಮನಿಸದ ಹಾಗೆ ನಡೆದು ಆ ಮನೆ ಸೇರಿದೆವು. ಸುತ್ತ ಆಗಲೇ ಸೈಟುಗಳ ಕಲ್ಲು ನೆಟ್ಟಿದ್ದರು. ನಡುವೆ ಇವರ ರಾಗಿ ಹೊಲ. ಅತ್ತೆ ಗಟ್ಟಿ ಹೆಂಗಸು, ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಮಾತಾಡಿದರು. ನಮಗೆ ಕೂರಲು ಚಾಪೆ ಹಾಕಿದರು, ಮಜ್ಜಿಗೆಯನ್ನೂ ಕೊಟ್ಟರು.

"ಟಿಬಿ ಇದ್ದಿದ್ದನ್ನ ಮುಚ್ಚಿಟ್ರು, ಅದನ್ನೂ ನುಂಗ್ಕೊಂಡ್ವಿ ಸಾರ್. ಇದು ನುಂಗೋ ಅಂಥದ್ದಲ್ಲ."

"ಆ ಕಾಯಿಲೆ ಅವಳಿಗೆ ಇಲ್ಲಮ್ಮಾ. ಅದನ್ನ ಹೇಳೋಕೇ ಬಂದಿದೀವಿ. ನಾನು ಡಾಕ್ಟರು, ನನ್ನ ಮಾತು ನಂಬಿ."

"ಇಲ್ಲ ಅಂದ್ಮೇಲೆ ಯಾಕೆ ರಕ್ತ ತಗೊಂಡ್ರಿ?"

ಡಾಕ್ಟರು ಬಿಡಿಸಿ ಹೇಳಿದರು. ವಾರ್ಡಿನಲ್ಲಿ ಒಪ್ಪಿದ ಎಲ್ಲರದ್ದೂ ತೆಗೆದಿದ್ದೇವೆ, ತಿಳಿದುಕೊಳ್ಳುವುದಕ್ಕೆಂದೇ ತೆಗೆಯುವುದು, ಅನುಮಾನದಿಂದಲ್ಲ. ಆಕೆ ತಾಳ್ಮೆಯಿಂದ ಕೇಳಿಸಿಕೊಂಡು, ಕೊನೆಗೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿದರು. ಗಂಡ ಕೊಟ್ಟಿಗೆಯ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ನಾವು ಎದ್ದಾಗ ಮಗು ನನ್ನ ಬ್ಯಾಗಿನ ದಾರಕ್ಕೆ ಕೈ ಹಾಕಿತು. ಆಕೆ ಮೆಲ್ಲಗೆ ಬಿಡಿಸಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಡಾಕ್ಟರು, "ಕಾಯ್ಲೆ ಯಾರಿಂದ ಯಾರಿಗೆ ಹೋಗುತ್ತೆ ಅಂತ ಇಷ್ಟು ವರ್ಷ ನೋಡಿದ್ವಿ ಅಲ್ವೇನಮ್ಮಾ? ಮಾತು ಹೇಗೆ ಹೋಗುತ್ತೆ ಅಂತ ನೋಡ್ಲೇ ಇಲ್ಲ" ಎಂದರು.

ಆ ವೇಳೆಗೆ ಹೊಸ ಔಷಧಿ, ಕೆಂಪು ಕ್ಯಾಪ್ಸೂಲು, ಬಂದಿತ್ತು. ಎಲ್ಲರಿಗೂ ಸಿಗುತ್ತಿರಲಿಲ್ಲ. ಡಾಕ್ಟರು ಅಲ್ಲಿ ಇಲ್ಲಿ ಹೇಳಿ ಅವಳಿಗೆ ಕೊಡಿಸಿದರು. ಅವಳು ಒಂದನ್ನೂ ತಪ್ಪಿಸಲಿಲ್ಲ. ಇನ್ನು ತಪ್ಪಿಸಬೇಕಾದ ಕಾರಣವೂ ಉಳಿದಿರಲಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗಿ ತಾಯಿಯ ಜೊತೆ ಅದೇ ಬೀದಿಗೆ ಮರಳಿದಳು. ಬಲಗಡೆಯ ಶ್ವಾಸಕೋಶ ಕುಗ್ಗಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಆದರೆ ಕಾಯಿಲೆ ಹೋಯಿತು, ಪೂರ್ತಿ ಹೋಯಿತು. ಬೀದಿಯಲ್ಲಿ ಹೊಸ ಬಾಡಿಗೆದಾರರು ಬಂದಿದ್ದರು, ಹಳೆಯವರಿಗೆ ಹಳೆಯ ಭಯ ಮಾಸಿತ್ತು. ಮೇಸ್ತ್ರಿಯೂ ಮತ್ತೆ ಪುಡಿ, ಕಡ್ಡಿ ಕೊಡತೊಡಗಿದ. ತಾಯಿ ಮಾತ್ರ ಬೀದಿಯ ಯಾವ ಪಂಚಾಯಿತಿಗೂ ಹೋಗುವುದನ್ನು ಬಿಟ್ಟರು. ನಮ್ಮವರು ಮತ್ತೊಮ್ಮೆ ಆ ಬೀದಿಗೆ ಹೋದಾಗ ಒಳಗಿನಿಂದ ಎದ್ದು ಬರಲಿಲ್ಲವಂತೆ.

ಒಂದು ಭಾನುವಾರ ಮೈಸೂರು ರಸ್ತೆಯ ಬಸ್‌ಸ್ಟಾಪಿನಲ್ಲಿ ನಾನು ಅವಳನ್ನು ಕಂಡೆ. ಅವಳ ಗಂಡ ಮಗುವನ್ನು ಕರೆದುಕೊಂಡು ಬಂದಿದ್ದ. ತನ್ನ ಅಮ್ಮನಿಗೆ ಗೊತ್ತಾಗದ ಹಾಗೆ, ಸಂತೆಗೆಂದು ಹೇಳಿ ಆಗಾಗ ಹೀಗೆ ತರುತ್ತಾನಂತೆ. ಮಗು ಆಗ ನಡೆಯುತ್ತಿತ್ತು. ಕಲ್ಲುಬೆಂಚಿನ ಒಂದು ತುದಿಯಲ್ಲಿ ಅವನು, ನಡುವೆ ಮಗು, ಇನ್ನೊಂದು ತುದಿಗೂ ಆಚೆ, ನೆಲದ ಮೇಲೆ, ಅವಳು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತಿದ್ದಳು. ತಂದಿದ್ದ ಬಾಳೆಹಣ್ಣನ್ನು ಸುಲಿದು, ಬೆಂಚಿನ ಮೇಲೆ ಪೇಪರು ಹಾಸಿ ಇಟ್ಟಿದ್ದಳು.

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, "ಎತ್ಕೋಬಾರ್ದಾ? ನಿನ್ನಿಂದ ಈಗ ಯಾರಿಗೂ ಏನೂ ಬರಲ್ಲ. ಡಾಕ್ಟರೇ ಹೇಳಿದಾರಲ್ಲ."

"ಗೊತ್ತು ಅಕ್ಕ."

"ಮತ್ತೆ?"

"ಕೈ ಮುಂದಕ್ಕೆ ಹೋಗಲ್ಲ. ಎಷ್ಟು ಸಲ ಅಂದ್ಕೊಂಡು ಬರ್ತೀನಿ. ಹತ್ರ ಬಂದ್ರೆ ಉಸಿರು ತಾನಾಗೇ ಬಿಗಿ ಹಿಡ್ಕೊಳ್ಳುತ್ತೆ."

ಮಗು ಹಣ್ಣು ತಿನ್ನುತ್ತಾ ಅವಳನ್ನೇ ನೋಡುತ್ತಿತ್ತು. ಯಾರೋ ಪರಿಚಯದ ಹೆಂಗಸು ಎಂಬಂತೆ. ಗಂಡ ಗಂಟಲು ಸರಿಮಾಡಿಕೊಂಡು, "ಹೋಗು ಪುಟ್ಟಾ, ಅಲ್ಲಿ ಹೋಗು" ಎಂದ. ಮಗು ಇಳಿದು ಎರಡು ಹೆಜ್ಜೆ ಹಾಕಿ ನಿಂತಿತು. ಅಷ್ಟರಲ್ಲಿ ಬಸ್ಸು ಬಂತು. ಅವನು ಮಗುವನ್ನು ಎತ್ತಿಕೊಂಡು ಹತ್ತಿದ. ಅವಳು ಎದ್ದು ನಿಂತು, ಬಸ್ಸು ತಿರುವು ದಾಟಿದ ಮೇಲೆ ಸೆರಗು ಬಾಯಿಂದ ತೆಗೆದಳು.

ಮುಂದೆ ಅವನಿಗೆ ಇನ್ನೊಂದು ಮದುವೆಯಾಯಿತು. ಭಾನುವಾರದ ಭೇಟಿ ನಿಂತುಹೋಯಿತು. ನಾನೂ ಆ ಕೆಲಸ ಬಿಟ್ಟೆ, ಕೆಂಗೇರಿ ಉಪನಗರಕ್ಕೆ ಬಂದು ನೆಲೆಸಿದೆ. ನಮ್ಮ ಸರ್ವೆಯಿಂದ ಒಳ್ಳೆಯದಾಗಲಿಲ್ಲವೆಂದು ನಾನು ಹೇಳಲಾರೆ. ಆ ಬೀದಿಗಳಿಗೆ ಔಷಧಿ ಬಂತು, ಎಷ್ಟೋ ಜನ ಬದುಕಿಕೊಂಡರು, ಅವಳೂ ಬದುಕಿಕೊಂಡಳು. ನಾವು ಆ ಬೀದಿಗೆ ಹೋಗದಿದ್ದರೆ ಮದುವೆಯ ಸಡಗರದಲ್ಲೇ ರೋಗ ಬಲಿತು ಅವಳು ಸಾಯುತ್ತಿದ್ದಳೇನೋ. ಈ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಆದರೂ ಮೈಸೂರು ರಸ್ತೆಯಲ್ಲಿ ಬಸ್ಸು ಆ ಸ್ಟಾಪಿನ ಮುಂದೆ ನಿಂತಾಗಲೆಲ್ಲ, ಒಂದೇ ಒಂದು ಸಲ ಆ ಮಗು ತಾನಾಗಿ ಓಡಿಹೋಗಿ ಅವಳ ಮಡಿಲಲ್ಲಿ ಬಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದುಕೊಳ್ಳುತ್ತೇನೆ.